ಮೊದಲ ಕುರ್ಚಿ, ನಾಲ್ಕರ ಜೋಡಿ

ನೂರಡಿ ರಸ್ತೆಯ ಹಾರ್ಡ್‌ವೇರ್ ಅಂಗಡಿಯ ಮೇಲೆ
ಪೈಂಟಿನ ವಾಸನೆ ಮೆಟ್ಟಿಲು ಹತ್ತಿ ಬರುವ ಹಾಲಿನಲ್ಲಿ
ಭಾನುವಾರಕ್ಕೊಂದು ಟೂರ್ನಮೆಂಟು.
ಮೇಜಿಗೆ ಒಂಬತ್ತು ಜನ. ಹಾಸಿದ ಹಸಿರು ಬಟ್ಟೆ
ಮಂಡ್ಯದ ಯಾರದೋ ಮದುವೆಯ ಶಾಮಿಯಾನದ್ದು.
ಇಲ್ಲಿ ನನ್ನ ಬ್ಯಾಡ್ಜಿನ ನಂಬರು ಯಾರಿಗೂ ಬೇಡ.

ಈಗ ಬ್ಲೈಂಡಿನ ಎಡಕ್ಕೆ ನನ್ನ ಕುರ್ಚಿ.
ಮೊದಲು ಬಾಯಿ ಬಿಡಬೇಕಾದವನು ನಾನು.
ಎಲೆಯ ಮೂಲೆ ಎತ್ತಿದರೆ
ಆಟೀನಿನ ನಾಲ್ಕು, ಕಳಾವರಿನ ನಾಲ್ಕು.

ಜೋಡಿ ಜೋಡಿಯೇ. ಆದರೆ ಚಿಲ್ಲರೆ.

ಬಸರಾಳು ಮೇಲೆ ನಾಗಮಂಗಲಕ್ಕೆ ಹೋಗುವ ಗಾಡಿಯಲ್ಲಿ
ಹತ್ತೊಂಬತ್ತು ವರ್ಷ ನಾನು ಕಂಡದ್ದು ಇದನ್ನೇ:
ಸ್ಟ್ಯಾಂಡಿನಲ್ಲೇ ಹತ್ತಿದವನಿಗೆ ಕಿಟಕಿ ಸಿಗುತ್ತದೆ,
ಮುಂದೆ ಯಾರು ಹತ್ತುತ್ತಾರೆ ಅನ್ನುವ ಸುಳಿವು ಸಿಗುವುದಿಲ್ಲ.
ಕೋಳಿ ಬುಟ್ಟಿಯೋ, ಬಸುರಿಯೋ, ಪಾಸಿನ ಹುಡುಗರ ದಂಡೋ.
ಟವೆಲ್ ಹಾಕಿ ಹಿಡಿದ ಸೀಟು
ಬಸರಾಳಿನ ಹೊತ್ತಿಗೆ ಯಾರ ತೊಡೆಯ ಕೆಳಗೋ.

ನನ್ನ ನಂತರ ಎಂಟು ಬಾಯಿ.
ಪ್ಲೈವುಡ್ ಮಂಜಯ್ಯ ಗಲ್ಲ ಕೆರೆಯುತ್ತಾನೆ.
ದನದ ಡಾಕ್ಟರು ಮಂದಾಕಿನಿ ಸೋಡಾ ಹೀರುತ್ತಾರೆ.
ಕಾಲೇಜು ಹುಡುಗ ಅಫ್ರೋಜ್, ಕಿವಿಗೆ ವೈರು,
ಒಮ್ಮೆ ಟೀ ಕುಡಿಯುತ್ತ ಲೆಕ್ಕ ಹೇಳಿಕೊಟ್ಟಿದ್ದ:
ಎಂಟೊಂಬತ್ತು ಸಲಕ್ಕೆ ಒಂದೇ ಸಲ ಮೂರನೆಯದು ಬೀಳೋದು, ಅಂಕಲ್.
ಬಿದ್ದ ದಿನ ಎದುರಿನವರ ಗುಡ್ಡೆ ದೊಡ್ಡದಿರಬೇಕು,
ಬೀಳದ ದಿನಗಳ ಬಾಕಿಯೆಲ್ಲ ಅದರಲ್ಲೇ ತೀರಬೇಕು.

ನನಗೆ ತಕ್ಷಣ ಅರ್ಥವಾಯಿತು.
ಟಿಕೆಟ್ಟಿನ ಹಿಂದೆ ಬರೆದುಕೊಟ್ಟ ಚಿಲ್ಲರೆ ಅದು.
ಇಳಿಯುವಾಗ ಇಸ್ಕೊಳ್ಳಿ ಅಂತೀವಿ.
ಅರ್ಧ ಜನ ಮರೆತು ಇಳಿಯುತ್ತಾರೆ,
ಇನ್ನರ್ಧಕ್ಕೆ ಕೊಡಲು ಬ್ಯಾಗಿನಲ್ಲಿ ಇರುವುದಿಲ್ಲ.

ಬೆಳಗ್ಗೆ, ಬ್ಲೈಂಡು ಇನ್ನೂ ಬೀಡಿಯ ಬೆಲೆಗಿದ್ದಾಗ,
ಇದೇ ಕುರ್ಚಿಯಿಂದ ಮೂರರ ಜೋಡಿಗೆ ಸಣ್ಣಗೆ ಏರಿಸಿದ್ದೆ.
ಬೀಳಲಿಲ್ಲ. ಬಿಟ್ಟೆ. ಕಿವಿ ಕೂಡ ಬಿಸಿಯಾಗಲಿಲ್ಲ.
ಈಗ ಗಂಟೆ ಮೂರು. ನನ್ನ ಮುಂದೆ ಇಪ್ಪತ್ತೆರಡೇ ಬ್ಲೈಂಡು.
ಹೋಗಿ ನೋಡೋಣ ಅಂದರೆ ದಾರಿಯಲ್ಲೇ ಡೀಸೆಲ್ ಮುಗಿದೀತು.
ಹೋಲ್ಡಾನ್, ಅಂದೆ ಒಳಗೊಳಗೇ. ಎಲೆ ತಳ್ಳಿದೆ.

ಬಿದ್ದದ್ದು: ಎಕ್ಕ, ಒಂಬತ್ತು, ನಾಲ್ಕು.

ಡೈಮನ್ನಿನ ನಾಲ್ಕು, ನನ್ನ ಕಡೆಗೇ ಮುಖ ಮಾಡಿ,
ಗಾಡಿ ಹೊರಟ ಮೇಲೆ ಕೈ ಬೀಸುತ್ತ ಓಡಿಬರುವ
ಪರಿಚಯದ ಮುದುಕಿಯ ಹಾಗೆ.
ಹೊಟ್ಟೆ ಕಿವುಚಿದಂತಾಯಿತು.
ಮಂಜಯ್ಯ ಎಕ್ಕ ನಂಬಿ ಇದ್ದದ್ದೆಲ್ಲ ತಳ್ಳಿದ.
ಮಂದಾಕಿನಿ ಸೋಡಾ ಕೆಳಗಿಟ್ಟು, ಮಾತಿಲ್ಲದೆ,
ಒಂಬತ್ತರ ಜೋಡಿ ತಿರುಗಿಸಿಟ್ಟರು.

ಆ ಮುದುಕಿಯನ್ನು ಹತ್ತಿಸಿಕೊಂಡಿದ್ದರೆ
ನಾನೂ ಇಳಿದು ಮನೆಗೆ ನಡೆಯಬೇಕಿತ್ತು.
ಖುಷಿಪಡಬೇಕು. ಪಡಲಾಗಲಿಲ್ಲ.
ನಾಲ್ಕು ಬಿದ್ದದ್ದೇ ನೆನಪಿಗೆ ಅಂಟಿತು, ಒಂಬತ್ತಲ್ಲ.
ಇಂಥ ಲೆಕ್ಕ ಡಿಪೋದಲ್ಲಿ ಕೊಟ್ಟಿದ್ದರೆ ಮೆಮೊ ಕೊಡುತ್ತಿದ್ದರು.

ಸಂಜೆ. ಶುಗರ್ ಫ್ಯಾಕ್ಟರಿ ಕಡೆಯಿಂದ ಕಾಕಂಬಿಯ ಗಾಳಿ.
ಏಳು ಜನ ಉಳಿದಿದ್ದೇವೆ. ನನ್ನಲ್ಲಿ ಎಂಟು ಬ್ಲೈಂಡು.
ಮನೆಯಿಂದ ಜಯಶೀಲಾ ಫೋನು:
"ಇನ್ನೂ ಆಡ್ತಾ ಇದ್ದೀರಾ, ಇಲ್ಲಾ ಹಾಲು ತತ್ತೀರಾ?"
"ಐದು ನಿಮಿಷ" ಅಂದೆ.

ಮತ್ತೆ ಮೊದಲ ಕುರ್ಚಿ. ಮೂಲೆ ಎತ್ತಿದೆ.
ಎರಡು. ಎರಡು.
ಇದಕ್ಕಿಂತ ಸಣ್ಣ ಜೋಡಿ ಇಸ್ಪೀಟಿನ ಕಟ್ಟಿನಲ್ಲೇ ಇಲ್ಲ.
ಮೂರನೆಯದಕ್ಕೆ ಕಾಯುವಷ್ಟು ಚಿಲ್ಲರೆ ನನ್ನಲ್ಲಿಲ್ಲ,
ಬರೆದುಕೊಡಲು ಟಿಕೆಟ್ಟಿನ ಬೆನ್ನೂ ಇಲ್ಲ.
ಮುಂದೆ ಆರು ಬಾಯಿ. ಯಾವ ಸ್ಟಾಪಿನಲ್ಲಿ ಯಾರೋ.

ಎರಡೂ ಕೈಯಿಂದ ಗುಡ್ಡೆಯನ್ನು ಬಟ್ಟೆಯ ನಡುವಿಗೆ ನೂಕಿದೆ.
ಆಲ್ ಇನ್ ಅನ್ನಬೇಕಿತ್ತು.
ಬಾಯಿಗೆ ಬಂದದ್ದು, ರೈಟ್.